ಹತ್ತೊಂಬತ್ತು ಇಂಚಿನ ಗಾಲಿಗಳು

ಗಾಲಿ ಬದಲಾಯಿಸಿಕೊಂಡು ಬರುವ ಗಂಡಸರ ಮುಖ ಕಂಡರೆ ಎಕಾರ್ಟ್ ವೆಂಡ್‌ಲಾಂಟನಿಗೆ ಹೇಸಿಗೆ. ಕಾಸೆಲ್ ಪಟ್ಟಣದ ಈ ವಾಹನ ತಪಾಸಣಾ ಕೇಂದ್ರದಲ್ಲಿ ಅವನು ಕಾರುಗಳ ಹೊಟ್ಟೆಯಡಿ ನಿಲ್ಲಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಬ್ರೇಕು, ದೀಪ, ಹೊಗೆ ಎಂದು ಬರುವವರು ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಮುಖ ಸಪ್ಪಗೆ ಮಾಡಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು, ಅಂಥವರನ್ನು ಸಹಿಸಿಕೊಳ್ಳಬಹುದಿತ್ತು. ಹೊಸ ಗಾಲಿಯವರು ಮಾತ್ರ ಮದುವೆ ಗಂಡಿನ ಹಾಗೆ ಬರುತ್ತಿದ್ದರು. ಕಾರ್ಖಾನೆಯಲ್ಲಿ ಓದಿದವರು ಹತ್ತಾರು ಜನ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಈ ಕಾರಿಗೆ ಹದಿನೇಳು ಇಂಚು ಸಾಕು ಎಂದು ತೀರ್ಮಾನಿಸಿದ್ದನ್ನು, ಈ ಮಹಾಶಯರು ಒಂದು ಭಾನುವಾರ ಸೋಫಾದ ಮೇಲೆ ಬಿದ್ದುಕೊಂಡು ಹತ್ತೊಂಬತ್ತು ಮಾಡಿಬಿಡುತ್ತಿದ್ದರು. ಮಾಡಿ, ಅದನ್ನು ಗಾಡಿಯ ಕಾಗದಪತ್ರದಲ್ಲಿ ಬರೆದುಕೊಡಿ, ಮುದ್ರೆ ಒತ್ತಿ ಎಂದು ಅವನ ಮುಂದೆ ಬಂದು ನಿಲ್ಲುತ್ತಿದ್ದರು. ಮುದ್ರೆಯಿಲ್ಲದೆ ಇವರ ಆಸೆ ಕೂಡ ಚಲಾವಣೆಯಾಗುವುದಿಲ್ಲ ಎಂದು ಅವನಿಗೆ ನಗು ಬರುತ್ತಿತ್ತು. ಒತ್ತುತ್ತಿದ್ದ. ಒತ್ತಿದ ಮೇಲೆ, ಕೀಲಿಕೈ ವಾಪಸು ಕೊಡುವಾಗ, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: "ಗಾಳಿ ಎಷ್ಟು ಅನ್ನೋದನ್ನ ಟೈರ್ ಮಾಡಿದವರನ್ನ ಕೇಳಿ. ಬಾಗಿಲ ಅಂಚಲ್ಲಿರೋ ಚೀಟಿ ಹಳೇ ಗಾಲಿಗೆ." ಕೇಳಿದವರು ಹೂಂ ಎನ್ನುತ್ತಿದ್ದರು, ಕಣ್ಣು ಆಗಲೇ ಹೊರಗೆ ಮಿನುಗುತ್ತಿದ್ದ ಗಾಲಿಯ ಮೇಲಿರುತ್ತಿತ್ತು. ಅವರು ಕೇಳಲಿ ಬಿಡಲಿ, ಹೇಳುವುದನ್ನು ಮಾತ್ರ ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಅವನು ಕೋಟು ಬಿಚ್ಚಿ ನೇತುಹಾಕುವಷ್ಟರಲ್ಲಿ ಕೌಂಟರಿನ ಸೆವಿಂಚ್ ತಲೆಯೆತ್ತಿ, "ಒಂಬತ್ತೂವರೆಗೆ ಮಾರ್ಕ್‌ಗ್ರಾಫ್ ಅಂತ ಒಬ್ರಿದಾರೆ. ಸ್ಪೋರ್ಟ್ಸ್ ಕಾರು, ಹೊಸ ಗಾಲಿ. ಅವರು ನಿಮಗೆ ಏನಾಗ್ಬೇಕು?" ಎಂದಳು. ಅವಳಿಗೆ ಗೊತ್ತಿತ್ತು. ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು.

"ಏನೂ ಆಗ್ಬೇಕಿಲ್ಲ."

"ಮಾಜಿ ಹೆಂಡ್ತಿಯ ಹಾಲಿ ಗಂಡ. ಇದಕ್ಕೆ ಒಂದು ಪದ ಇರ್ಬೇಕಿತ್ತಪ್ಪ. ಮೂರನೇ ತಪಾಸಣೆ ಕಟ್ಟೆಗೆ ಹಾಕ್ಲಾ, ಯೋಖೆಮ್ ನೋಡ್ಕೊಳ್ತಾನೆ?"

"ಯಾಕೆ? ನಾನೇ ನೋಡ್ತೀನಿ," ಎಂದ ಎಕಾರ್ಟ್. ಅಷ್ಟು ಬೇಗ ಹೇಳಬಾರದಿತ್ತು ಅನ್ನಿಸಿತು. ಸೆವಿಂಚ್ ಹುಬ್ಬು ಹಾರಿಸಿ ಮತ್ತೆ ಪರದೆಗೆ ತಿರುಗಿದಳು.

ಥೀಲೋ ಮಾರ್ಕ್‌ಗ್ರಾಫ್ ಕಿವಿಯ ಯಂತ್ರಗಳ ಅಂಗಡಿ ಇಟ್ಟವನು. ದಿನವಿಡೀ ಕಿವುಡ ಮುದುಕರ ಜೊತೆ ಮಾತಾಡಿ ಮಾತಾಡಿ ಅವನಿಗೆ ಎಲ್ಲರ ಎದುರೂ ಮುಖಕ್ಕೆ ಮುಖ ಕೊಟ್ಟು, ಬಾಯಿ ಅಗಲಿಸಿ, ಒಂದೊಂದೇ ಪದ ಎತ್ತಿಡುವ ಚಾಳಿ ಅಂಟಿಕೊಂಡಿತ್ತು. ಕಡು ಹಸಿರಿನ, ಎರಡೇ ಸೀಟಿನ, ಹದಿನೈದು ವರ್ಷ ಹಳೆಯ ಕಾರಿನಿಂದ ಅವನು ಮೊದಲು ಒಂದು ಕಾಲು, ಆಮೇಲೆ ಹೊಟ್ಟೆ, ಆಮೇಲೆ ಇನ್ನೊಂದು ಕಾಲು ಎಂದು ಕಂತುಕಂತಾಗಿ ಇಳಿದ. ಕೈಗೆ ತೆಳು ಚರ್ಮದ ಗವಸು. ಐವತ್ತಾರು ವರ್ಷದ ಗಂಡಸಿಗೆ ಗವಸು, ಅದೂ ಬೆರಳ ಗೆಣ್ಣಿನ ಹತ್ತಿರ ತೂತು ಬಿಟ್ಟದ್ದು. ಈ ಕೈಯನ್ನು ತನ್ನ ಮಾಜಿ ಹೆಂಡತಿ ಗುಡ್ರುನ್ ಹಿಡಿದುಕೊಳ್ಳುತ್ತಾಳೆ ಎಂದು ಎಕಾರ್ಟನಿಗೆ ಅನ್ನಿಸಿ, ಅಂಥ ಯೋಚನೆ ಬಂದದ್ದಕ್ಕೇ ಸಿಟ್ಟು ಬಂತು.

"ಎಕಾರ್ಟ್! ನೀನೇ ಇದೀಯ, ಒಳ್ಳೇದಾಯ್ತು," ಎಂದ ಥೀಲೋ. ಮೂರು ವರ್ಷದ ಹಿಂದೆ ಎಕಾರ್ಟನ ಮಗಳು ರೋನ್ಯಾಳ ಹುಟ್ಟುಹಬ್ಬದಲ್ಲಿ, ಯಾರೂ ಕೇಳದಿದ್ದರೂ, ಕೇಕಿನ ತಟ್ಟೆ ಹಿಡಿದುಕೊಂಡು ಬಂದು, ಇನ್ನು ಮುಂದೆ ನಾವಿಬ್ಬರೂ ನೀನು ಅಂತಲೇ ಕರೆದುಕೊಳ್ಳೋಣ ಎಂದಿದ್ದ. ಎಕಾರ್ಟ್ ಆಯಿತು ಎಂದೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ; ನೀವು ಎನ್ನುವುದನ್ನೇ ಮುಂದುವರಿಸಿದ್ದ.

"ಕಾಗದ ಕೊಡಿ," ಎಂದ.

ಕಾಗದಗಳು ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ, ಬಣ್ಣದ ಪಟ್ಟಿ ಹಚ್ಚಿಕೊಂಡು ಬಂದಿದ್ದವು. ಗಾಲಿ ತಯಾರಿಸಿದವರ ಪ್ರಮಾಣಪತ್ರ, ಆರು ಪುಟ. ಟೈರು ಹಾಕಿದ ಅಂಗಡಿಯ ರಸೀದಿ. ನಟ್ಟುಗಳನ್ನು ಎಷ್ಟು ಬಲಕ್ಕೆ ಬಿಗಿಯಲಾಗಿದೆ, ಐವತ್ತು ಕಿಲೋಮೀಟರು ಓಡಿಸಿದ ಮೇಲೆ ಮತ್ತೆ ಬಿಗಿಯಲಾಗಿದೆ ಎಂಬ ಚೀಟಿ, ತಾರೀಖು ಸಮೇತ. ಎಕಾರ್ಟ್ ಇವನನ್ನು ಇಲ್ಲೇ ಎಲ್ಲಾದರೂ ಹಿಡಿಯಬೇಕೆಂದುಕೊಂಡಿದ್ದ. ಹತ್ತರಲ್ಲಿ ಒಂಬತ್ತು ಮಂದಿ ಇಲ್ಲೇ ಸಿಕ್ಕಿಬೀಳುತ್ತಿದ್ದರು. ಅವನು ಕಾರನ್ನು ಮೇಲೆತ್ತಿದ, ಒಂದು ಗಾಲಿಯ ಕೆಳಗೆ ದಿಮ್ಮಿ ಕೊಟ್ಟು ಇಳಿಸಿ ಟೈರು ಎಲ್ಲಾದರೂ ಉಜ್ಜುತ್ತದೆಯೇ ನೋಡಿದ, ಚುಕ್ಕಾಣಿಯನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದ, ದೀಪ ಹಿಡಿದು ಒಳಗೋಡೆಯ ಮೇಲೆ ಬೆರಳಾಡಿಸಿದ. ಉಜ್ಜಿದ ಗುರುತಿಲ್ಲ. ಮುಂದೆ ಇನ್ನೂರ ಮೂವತ್ತೈದು ಮಿಲಿಮೀಟರು ಅಗಲ, ಹಿಂದೆ ಇನ್ನೂರ ಅರವತ್ತೈದು, ಪತ್ರದಲ್ಲಿದ್ದ ಅಳತೆಯೇ. ಹೊರಸುತ್ತಳತೆ ಹಳೆಯದಕ್ಕೆ ಹೆಚ್ಚುಕಡಿಮೆ ಸಮ, ವೇಗದ ಮುಳ್ಳು ಸುಳ್ಳು ಹೇಳುವುದಿಲ್ಲ. ಟೈರಿನ ಮೇಲೆ ಅಚ್ಚಾದ ಭಾರದ ಅಂಕಿ ಸರಿ, ವೇಗಮಿತಿಯ ಅಕ್ಷರ ಸರಿ. ಇಂಥ ಪೆದ್ದ ಇಷ್ಟು ಸರಿಯಾಗಿರುವುದು ಅವನಿಗೆ ಅವಮಾನದಂತೆ ಕಂಡಿತು. ನಿನ್ನ ಜೊತೆ ಮಾತಾಡೋದಂದ್ರೆ ದಿನಾ ಪರೀಕ್ಷೆಗೆ ಕೂತ ಹಾಗೆ, ಎಂದಿದ್ದಳು ಗುಡ್ರುನ್, ಆಲೂಗಡ್ಡೆ ಬೇಯಿಸಿದ ನೀರನ್ನು ಬಸಿಯುತ್ತ, ಹಬೆಯಲ್ಲಿ ಮುಖ ಕಾಣಿಸದೆ. ತೇರ್ಗಡೆ ಆದ್ರೂ ನೀನು ಹೇಳಲ್ಲ, ಬರೀ ಫೇಲಾದಾಗ ಹೇಳ್ತೀಯ. ಅವನು ಅದಕ್ಕೆ ಏನು ಉತ್ತರ ಕೊಟ್ಟಿದ್ದ? ಪಾತ್ರೆ ಓರೆಯಾಗಿದೆ, ಕೈ ಸುಟ್ಟುಕೊಳ್ತೀಯ ಎಂದಿದ್ದ. ಅದು ನಿಜವೇ ಆಗಿತ್ತು. ಪಾತ್ರೆ ಓರೆಯಾಗಿಯೇ ಇತ್ತು.

ಆಮೇಲೆ ಅವನು, ತಪಾಸಣೆಯ ಪಟ್ಟಿಯಲ್ಲಿ ಇಲ್ಲದ ಕೆಲಸ ಮಾಡಿದ. ಮೊಣಕಾಲೂರಿ ಕೂತು ಜೇಬಿನಿಂದ ಸ್ವಂತ ಗಾಳಿ ಮಾಪಕ ತೆಗೆದು ಮುಂದಿನ ಟೈರಿನ ಬಾಯಿಗೆ ಹಿಡಿದ. ಎರಡು ಪಾಯಿಂಟ್ ಮೂರು ಬಾರ್. ಓಡಿಸಿಕೊಂಡು ಬಂದ ಬಿಸಿ ಟೈರು. ಆರಿದ ಮೇಲೆ ಎರಡು ಪಾಯಿಂಟ್ ಒಂದು, ಹೆಚ್ಚೆಂದರೆ ಎರಡು. ಹಿಂದಿನದೂ ಅದೇ ರೀತಿ ಕಡಿಮೆ. ಅವನು ಚಾಲಕನ ಬಾಗಿಲು ತೆರೆದು ಅಂಚಿನ ಚೀಟಿ ನೋಡಿದ, ನೋಡುವ ಅಗತ್ಯವಿರದಿದ್ದರೂ. ಚೀಟಿಯಲ್ಲಿದ್ದಷ್ಟೇ ಗಾಳಿ. ಸಿಕ್ಕಿದ ಕೊನೆಗೂ, ಎಂದು ಎದೆಯೊಳಗೆ ಏನೋ ಕುಣಿಯಿತು. ಪ್ಲಾಸ್ಟಿಕ್ ಹಾಳೆಗಳ ಈ ಜಾಣ, ಹದಿನೇಳು ಇಂಚಿನ ದಪ್ಪ ಟೈರಿಗೆ ಬರೆದ ಲೆಕ್ಕವನ್ನು ಹತ್ತೊಂಬತ್ತರ ಈ ತೆಳು ಪಟ್ಟಿಗೆ ತುಂಬಿಸಿಕೊಂಡು ತಿರುಗುತ್ತಿದ್ದಾನೆ. ಗೋಡೆ ಗಿಡ್ಡವಾದಷ್ಟೂ ಒಳಗೆ ಗಾಳಿಗೆ ಜಾಗ ಕಡಿಮೆ, ಹೊರಬೇಕಾದ ಭಾರ ಮಾತ್ರ ಅಷ್ಟೇ. ಅದಕ್ಕೇ ಒತ್ತಡ ಜಾಸ್ತಿ ಬೇಕು. ಊರೊಳಗೆ ಓಡಾಡಿದರೆ ಏನೂ ಆಗುವುದಿಲ್ಲ. ಹೆದ್ದಾರಿಯಲ್ಲಿ ಭಾರ ತುಂಬಿಕೊಂಡು ಇನ್ನೂರು ಕಿಲೋಮೀಟರ್ ವೇಗದ ಮೇಲೆ ಅರ್ಧ ಗಂಟೆ ಓಡಿಸಿದರೆ ಟೈರಿನ ಗೋಡೆ ಮಡಚಿ ಮಡಚಿ ಕಾದು, ಒಳಗಿಂದಲೇ ಬೇಯುತ್ತದೆ. ಹಾಗೆ ಸಿಡಿದ ಟೈರಿನ ಚಿಂದಿಗಳನ್ನು ಅವನು ವರ್ಷಕ್ಕೆ ಎರಡು ಸಲವಾದರೂ ಕೈಯಲ್ಲಿ ಹಿಡಿದು ನೋಡಿದ್ದ. ಎದ್ದು ನಿಂತ. ಹೇಳಲು ಬಾಯಿ ತೆರೆದ.

ಥೀಲೋ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ, ತಲೆ ತುಸು ವಾಲಿಸಿ, ಮೈಯೆಲ್ಲ ಕಿವಿಯಾಗಿ. ಈ ನಿಲುವಿಗೇ ಅವಳು ಮರುಳಾದದ್ದು. ಯಾರಾದರೂ ಇವನ ಮುಂದೆ ಕೆಮ್ಮಿದರೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಹಾಗೆ ಕೇಳಿಸಿಕೊಳ್ಳುತ್ತಿದ್ದ. ಹೇಳಿದರೆ ಏನಾಗುತ್ತದೆ ಎನ್ನುವುದು ಎಕಾರ್ಟನಿಗೆ ಕಣ್ಣಿಗೆ ಕಟ್ಟಿತು: ಹೌದಾ, ಎಷ್ಟು ಉಪಕಾರವಾಯ್ತು ಮಾರಾಯ ಎಂದು ಈ ಗವಸಿನ ಕೈ ತನ್ನ ಹೆಗಲ ಮೇಲೆ ಬೀಳುತ್ತದೆ, ಸಂಜೆ ಮನೆಗೆ ಹೋಗಿ, ಗುಡ್ರುನ್, ನಿನ್ನ ಎಕಾರ್ಟ್ ಒಳ್ಳೆಯವನು ಕಣೇ ಎನ್ನುತ್ತಾನೆ, ಇಬ್ಬರೂ ಸೇರಿ ಒಂದು ಕ್ಷಣ ತನ್ನನ್ನು ಕ್ಷಮಿಸುತ್ತಾರೆ. ಬಾಯಿ ಮುಚ್ಚಿದ. ಪ್ರಮಾಣಪತ್ರದ ನಾಲ್ಕನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಈ ಮಾತು ಅಚ್ಚಾಗಿಯೇ ಇದೆ. ಓದಿಕೊಳ್ಳಲಿ. ಓದಲು ಬರುತ್ತದಲ್ಲ.

"ಎಲ್ಲಾ ಸರಿಯಾಗಿದೆ," ಎಂದು ಹೇಳಿ ಕೌಂಟರಿಗೆ ಹೋಗಿ ಮುದ್ರೆ ಒತ್ತಿದ. ಮುದ್ರೆ ಓರೆಯಾಗಿ ಬಿತ್ತು. ಕೀಲಿಕೈ ಕೊಟ್ಟಾಗ ಸೆವಿಂಚ್ ತಲೆಯೆತ್ತಿ ನೋಡಿದಳು, ದಿನಾ ಕೇಳುವ ಮಾತು ಇವತ್ತು ಕೇಳಲಿಲ್ಲವಲ್ಲ ಎನ್ನುವಂತೆ. ಅಥವಾ ಸುಮ್ಮನೆ ನೋಡಿದಳೋ.

"ಅಬ್ಬಾ, ನೀನು ನೋಡಿದ್ದೀಯ ಅಂದ್ಮೇಲೆ ನಿಶ್ಚಿಂತೆ," ಎಂದ ಥೀಲೋ, ಕಾಗದ ಮತ್ತೆ ಪ್ಲಾಸ್ಟಿಕ್ಕಿನೊಳಗೆ ಸೇರಿಸುತ್ತ. "ನಾಳೆ ಬೆಳಿಗ್ಗೆನೇ ಇನ್ಸ್‌ಬ್ರುಕ್‌ಗೆ ಹೋಗ್ಬೇಕು. ರೋನ್ಯಾಗೆ ಅಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿತಲ್ಲ, ಅವಳ ಪೆಟ್ಟಿಗೆಗಳು ಒಂದು ರಾಶಿ ಇವೆ. ಪಾಪ, ಟ್ರೇನಲ್ಲಿ ಎಳ್ಕೊಂಡು ಹೋಗೋದು ಬೇಡ ಅಂದೆ."

ರೋನ್ಯಾಗೆ ಇನ್ಸ್‌ಬ್ರುಕ್‌ನಲ್ಲಿ ಕೆಲಸ ಸಿಕ್ಕಿದ್ದು ಎಕಾರ್ಟನಿಗೆ ಗೊತ್ತಿರಲಿಲ್ಲ. ಅವಳ ಅಪ್ಪನಿಗೆ ಗೊತ್ತಿರದ ಸಂಗತಿ ಕಿವಿಯಂಗಡಿಯವನಿಗೆ ಗೊತ್ತು. ಸೆವಿಂಚ್ ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದೂ ಗೊತ್ತಾಗಿ, "ಹೌದು, ಹೇಳಿದ್ಲು," ಎಂದ. ಆ ಸುಳ್ಳಿನ ನಂತರ ಗಾಳಿಯ ಮಾತು ಎತ್ತಲು ಆಗಲೇ ಇಲ್ಲ. ಈಗ ಎತ್ತಿದರೆ ಆಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು. ಹಸಿರು ಕಾರು ಹೊಸ ಗಾಲಿಗಳ ಮೇಲೆ ಗತ್ತಿನಿಂದ ಹೊರಟುಹೋಯಿತು.

ಮಧ್ಯಾಹ್ನ ಅವನು ಇನ್ನೂ ಏಳು ಕಾರು ನೋಡಿದ. ಒಬ್ಬ ಮುದುಕಿಯ ಪುಟ್ಟ ಕಾರಿನ ಹಿಂದೀಪ ಒಂದು ಉರಿಯುತ್ತಿರಲಿಲ್ಲ. ಅವಳಿಗೆ ಐದು ನಿಮಿಷ ಉಪದೇಶ ಮಾಡಿದ, ಅವಳು ಅಳುವಷ್ಟು. ಸಂಜೆ ಮನೆಯಲ್ಲಿ ರೈ ಬ್ರೆಡ್ಡಿನ ಮೇಲೆ ಲಿವರ್ ಸಾಸೇಜು ಸವರಿಕೊಂಡು, ಸೌತೆ ಉಪ್ಪಿನಕಾಯಿ ಹೆಚ್ಚಿಕೊಂಡು ಕೂತಾಗ ಲೆಕ್ಕ ಹಾಕಿದ. ಕಾಸೆಲ್‌ನಿಂದ ದಕ್ಷಿಣಕ್ಕೆ ಹೆದ್ದಾರಿ ಮೊದಲು ಬೆಟ್ಟ ಹತ್ತಿಳಿಯುತ್ತದೆ, ಅಲ್ಲಿ ವೇಗಕ್ಕೆ ಮಿತಿಯಿದೆ. ವುರ್ಟ್ಸ್‌ಬುರ್ಗ್ ದಾಟಿದ ಮೇಲೆ ಮಿತಿಯಿಲ್ಲದ ದಾರಿ ಸಿಗುತ್ತದೆ. ಥೀಲೋ ಅಲ್ಲಿ ಆಕ್ಸಿಲರೇಟರ್ ಒತ್ತುತ್ತಾನೆ. ಗವಸು ಹಾಕಿದವರು ಒತ್ತಿಯೇ ಒತ್ತುತ್ತಾರೆ. ಪಕ್ಕದಲ್ಲಿ ರೋನ್ಯಾ, ಹಿಂದೆ ಪೆಟ್ಟಿಗೆಗಳ ಭಾರ. ಅವನು ಫೋನು ಕೈಗೆತ್ತಿಕೊಂಡು, ಟೈರಿನ ವಿಷಯ ಒಂದು ಮಾತು, ಎಂದು ಬರೆದ, ಅಳಿಸಿದ. ರೋನ್ಯಾ, ನಿನಗೆ ಕೆಲಸ ಸಿಕ್ಕಿದ್ದಕ್ಕೆ, ಎಂದು ಬರೆದ, ಅದನ್ನೂ ಅಳಿಸಿದ. ನಾಲ್ಕನೇ ಪುಟದಲ್ಲಿ ಇದೆಯಲ್ಲ. ಗಾಳಿ ನನ್ನ ಪಟ್ಟಿಯಲ್ಲಿಲ್ಲ. ನನ್ನ ಮೇಲಧಿಕಾರಿಯನ್ನೇ ತಂದು ನಿಲ್ಲಿಸಿದರೂ ನನ್ನ ಕಾಗದದಲ್ಲಿ ಒಂದು ತಪ್ಪು ತೋರಿಸಲಾರ. ಈ ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಅವನು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಯಿತು.

ಬೆಳಿಗ್ಗೆ ಏಳೂ ಮುಕ್ಕಾಲಿಗೆ ತಡೆಯಲಾಗದೆ ಮಗಳಿಗೆ ಫೋನು ಮಾಡಿದ.

"ಅಪ್ಪಾ? ಏನಾಯ್ತು, ಯಾರಾದ್ರೂ ಹೋಗ್ಬಿಟ್ರಾ?" ಎಂದಳು ರೋನ್ಯಾ. ಅವನು ಹುಟ್ಟುಹಬ್ಬ, ಕ್ರಿಸ್‌ಮಸ್ಸು ಬಿಟ್ಟು ಫೋನು ಮಾಡಿದವನೇ ಅಲ್ಲ.

"ಹೊರಟ್ಬಿಟ್ಯಾ? ಎಲ್ಲಿದೀಯ?"

"ಟ್ರೇನಲ್ಲಿ. ಯಾಕೆ?"

"ಟ್ರೇನಲ್ಲಾ? ಆ ಕಾರಲ್ಲಿ ಹೋಗ್ತೀಯ ಅಂದ್ರು..."

"ಅಯ್ಯೋ, ಆ ಕಾರಲ್ಲಿ ಕೂತ್ರೆ ನಂಗೆ ಹೊಟ್ಟೆ ತೊಳಸತ್ತೆ. ಥೀಲೋಗೆ ಬೇಜಾರಾಗತ್ತೆ ಅಂತ ಮೊದಲು ಹೂಂ ಅಂದಿದ್ದೆ. ಪೆಟ್ಟಿಗೆ ಮಾತ್ರ ಅದರಲ್ಲಿ ಹೋಗ್ತಿವೆ. ನನ್ನ ಜಾಗಕ್ಕೆ ಅಮ್ಮ ಕೂತಿದಾಳೆ, ಆರು ಗಂಟೆಗೇ ಹೊರಟ್ರು. ನಿಂಗೆ ಕೆಲಸದ ವಿಷ್ಯ ಯಾರು ಹೇಳಿದ್ರು? ನಾನೇ ಹೇಳೋಳಿದ್ದೆ, ಅಪ್ಪಾ. ನೀನು ಏನಾದ್ರೂ ಅಂತೀಯ ಅಂತ ಮುಂದೆ ಹಾಕ್ತಾ ಇದ್ದೆ."

"ನಾನೇನು ಅಂತೀನಿ?"

"ಅದೇ ಗೊತ್ತಾಗಲ್ಲ," ಎಂದು ಅವಳು ನಕ್ಕಳು. "ಯಾಕೆ ಫೋನ್ ಮಾಡ್ದೆ?"

"ಸುಮ್ನೆ. ಒಳ್ಳೇದಾಗ್ಲಿ ಅನ್ನೋಕೆ."

ಫೋನು ಇಟ್ಟ. ಮೈ ಹಗುರಾಯಿತು. ಅಡಿಗೆಮನೆಗೆ ಹೋಗಿ ನೀರು ಕಾಯಲಿಟ್ಟು, ಒಂದು ಮೊಟ್ಟೆ ಸಾಕೇ ಎರಡು ಬೇಕೇ ಎಂದು ಯೋಚಿಸಿ ಎರಡು ಹಾಕಿದ. ಕಿಟಕಿಯ ಹೊರಗೆ ಪಕ್ಕದ ಮನೆಯವನು ಬೇಲಿಗಿಡವನ್ನು ಸೊಟ್ಟಗೆ ಕತ್ತರಿಸುತ್ತಿದ್ದ, ಅವನಿಗೆ ಕತ್ತರಿ ಹಿಡಿಯಲೂ ಬರುವುದಿಲ್ಲ. ಐದು ನಿಮಿಷ ಆಯಿತು. ಮೊಟ್ಟೆಯನ್ನು ಕಪ್ಪಿನಲ್ಲಿ ನಿಲ್ಲಿಸಿ ಚಮಚದಿಂದ ನೆತ್ತಿ ಒಡೆದ. ಚಮಚ ಬಾಯಿಯ ಹತ್ತಿರ ಬಂದಾಗ ಗುಡ್ರುನ್ ಕಂಡಳು. ಕಾರಿನಲ್ಲಿ ಕೂತ ಇಪ್ಪತ್ತು ನಿಮಿಷಕ್ಕೆ ಅವಳಿಗೆ ನಿದ್ದೆ ಬರುತ್ತಿತ್ತು. ಚಪ್ಪಲಿ ಕಳಚಿ, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡು, ಬಾಯಿ ತುಸು ತೆರೆದು ಮಲಗುತ್ತಿದ್ದಳು. ಕಾಲು ಕೆಳಗಿಡು, ಅಪಘಾತವಾದರೆ ಮುರಿಯುತ್ತದೆ ಎಂದು ಹದಿನಾಲ್ಕು ವರ್ಷ ಅವನು ಹೇಳುತ್ತಲೇ ಇದ್ದ. ಈಗಲೂ ಹಾಗೇ ಮಲಗಿರುತ್ತಾಳೆ. ಈಗ ಎಂಟು ಗಂಟೆ. ಆರಕ್ಕೆ ಹೊರಟಿದ್ದರೆ ವುರ್ಟ್ಸ್‌ಬುರ್ಗ್ ದಾಟಿದ್ದಾರೆ.

ಅವನಿಗೆ ಆಗ ತಾನು ಫೋನು ಇಟ್ಟಾಗಿನಿಂದ ಏನಾಗಿದ್ದೆ ಎನ್ನುವುದು ಗೊತ್ತಾಯಿತು. ನಿನ್ನೆಯದನ್ನು ಹುಸಿಹೆಮ್ಮೆ ಎನ್ನಬಹುದಿತ್ತು, ಮರೆವು ಎಂದೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇವತ್ತು ಎಲ್ಲ ಗೊತ್ತಿದ್ದೂ, ಮಗಳು ಅಲ್ಲಿಲ್ಲ ಎಂದಾಕ್ಷಣ, ಉಳಿದಿಬ್ಬರನ್ನು ಆ ಟೈರುಗಳ ಮೇಲೆಯೇ ಬಿಟ್ಟು ಮೊಟ್ಟೆ ಬೇಯಿಸಿಕೊಂಡಿದ್ದ. ಎರಡು ಮೊಟ್ಟೆ. ಇಷ್ಟು ವರ್ಷ ಎಲ್ಲರ ಮೇಲೂ ಉಗಿಯುತ್ತಿದ್ದ ಅಸಹ್ಯ ಈಗ ಅವನ ಬಾಯಲ್ಲೇ ತುಂಬಿಕೊಂಡಿತು. ಅವನು ಚಮಚ ಕೆಳಗಿಟ್ಟ. ನಾಚಿಕೆಯಾಯಿತು, ಚಿಕ್ಕಂದಿನಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡಾಗ ಆಗುತ್ತಿದ್ದಂಥ ನಾಚಿಕೆ.

ಗುಡ್ರುನ್‌ಳ ನಂಬರು ಅವನಲ್ಲಿತ್ತು. ಅವಳಿಗೆ ಮಾಡಿದರೆ ಅವಳಿಗೆ ಹೇಳಬೇಕಾಗುತ್ತದೆ. ಥೀಲೋನದ್ದು ಇರಲಿಲ್ಲ, ರೋನ್ಯಾ ಎರಡು ಸಲ ಕಳಿಸಿದ್ದಳು, ಎರಡು ಸಲವೂ ಅಳಿಸಿಹಾಕಿದ್ದ. ಶನಿವಾರ ಮಧ್ಯಾಹ್ನದವರೆಗೆ ಕೇಂದ್ರ ತೆರೆದಿರುತ್ತಿತ್ತು. ಫೋನು ಮಾಡಿದ.

"ಸೆವಿಂಚ್, ನಿನ್ನೆಯ ಮಾರ್ಕ್‌ಗ್ರಾಫ್ ಅವರ ನಂಬರ್ ಕೊಡು."

"ಕೊಡ್ಬಾರ್ದು ಅಂತ ನೀವೇ ಗೋಡೆ ಮೇಲೆ ಚೀಟಿ ಅಂಟಿಸಿದೀರ."

"ಕೊಡು ಅಂದೆ."

"ಏನಾದ್ರೂ ತಪ್ಪಾಗಿತ್ತಾ?"

"ಆಗಿತ್ತು."

"ಕಾರಲ್ಲೇನಾ?"

"ನಂಬರ್ ಹೇಳು," ಎಂದ. ಅವಳು ಒಂದೊಂದೇ ಅಂಕಿ ಹೇಳಿದಳು. ಅವನು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡ. ಏಳು ಒಂದರಂತೆ ಕಂಡಿತು, ತಿದ್ದಿ ಆ ನಂಬರಿಗೆ ಫೋನು ಮಾಡಿದ. ಗಂಟೆ ಹೊಡೆದುಕೊಂಡಿತು, ಆರು, ಏಳು, ಎಂಟು ಸಲ. ಇಷ್ಟು ಸಲ ಹೊಡೆದುಕೊಳ್ಳುವುದು ಎಂದರೆ ಏನು ಎಂದು ಯೋಚಿಸುವ ಧೈರ್ಯ ಅವನಿಗಿರಲಿಲ್ಲ.

"ಮಾರ್ಕ್‌ಗ್ರಾಫ್," ಎಂದ ಥೀಲೋ. ಹಿಂದೆ ವಾಹನಗಳ ಸದ್ದು.

"ವೆಂಡ್‌ಲಾಂಟ್. ಕಾರು ನಿಲ್ಲಿಸಿ. ಈಗಲೇ ಮೆಲ್ಲಗೆ ಬಲಕ್ಕೆ ತಗೊಂಡು..."

"ನಿಲ್ಲಿಸೇ ಇದೀವಿ. ಪೆಟ್ರೋಲ್ ಬಂಕಲ್ಲಿ. ಗುಡ್ರುನ್ ಕಾಫಿಗೆ ಹೋಗಿದಾಳೆ. ಏನಾಯ್ತು?"

"ಗಾಳಿ," ಎಂದ ಎಕಾರ್ಟ್. "ನಿಮ್ಮ ಟೈರಲ್ಲಿ ಗಾಳಿ ಕಡಿಮೆ ಇದೆ. ಚೀಟಿಯಲ್ಲಿರೋದು ಹಳೇ ಗಾಲಿಗೆ. ಈ ಅಳತೆಗೆ..."

"ಮುಂದೆ ಎರಡು ಪಾಯಿಂಟ್ ಆರು, ಹಿಂದೆ ಎರಡು ಪಾಯಿಂಟ್ ಒಂಬತ್ತು. ನಿನ್ನೆ ಸಂಜೆನೇ ತುಂಬಿಸ್ದೆ. ಟೈರ್ ಕಂಪನಿಯವರಿಗೆ ಬರೆದಿದ್ದೆ, ಎರಡು ಗಂಟೆಯಲ್ಲಿ ಉತ್ತರ ಕೊಟ್ರು, ಪುಣ್ಯಾತ್ಮರು."

ಎಕಾರ್ಟ್ ಕುರ್ಚಿಯ ಮೇಲೆ ಕೂತ. "ನಾಲ್ಕನೇ ಪುಟ ಓದಿದ್ರಾ?" ಎಂದ.

"ನಿನ್ನೆ ಬೆಳಿಗ್ಗೆವರೆಗೂ ಓದಿರ್ಲಿಲ್ಲ. ನೀನು ಅಳೆದು ಎದ್ದು ನಿಂತಾಗ ಏನೋ ಹೇಳೋಕೆ ಬಾಯಿ ತೆರೆದೆ. ಆಮೇಲೆ ಮುಚ್ಚಿದೆ. ನನ್ನ ಅಂಗಡಿಗೆ ಬರೋರು ದಿನಾ ಹೀಗೇ ಮಾಡ್ತಾರೆ, ಎಕಾರ್ಟ್. ಏನನ್ನೋ ನುಂಗಿದೆ ಅಂತ ಗೊತ್ತಾಯ್ತು, ಏನನ್ನ ಅಂತ ಗೊತ್ತಾಗ್ಲಿಲ್ಲ. ಮನೆಗೆ ಹೋಗಿ ಎಲ್ಲಾ ಕಾಗದ ಮೊದಲಿಂದ ಓದ್ದೆ." ಅವನ ದನಿಯಲ್ಲಿ ಕುಹಕವಿರಲಿಲ್ಲ. ಎಕಾರ್ಟ್ ಕಿವಿಗೊಟ್ಟು ಹುಡುಕಿದ, ಇರಲೇ ಇಲ್ಲ. "ಮೊದಲು ತುಂಬಾ ಸಿಟ್ಟು ಬಂತು. ರೋನ್ಯಾನೂ ಇರೋಳಿದ್ಲಲ್ಲ ಅಂತ. ಆಮೇಲೆ, ಅವಳು ಬರೋ ವಿಷ್ಯ ನಿಂಗೆ ಗೊತ್ತಾಗಿದ್ದು ಮುದ್ರೆ ಒತ್ತಿದ ಮೇಲೆ ಅಂತ ನೆನಪಾಯ್ತು. ಫೋನ್ ಮಾಡ್ತಾನೆ ನೋಡೋಣ ಅಂದ್ಕೊಂಡೆ."

ರೋನ್ಯಾ ಟ್ರೇನಿನಲ್ಲಿದ್ದಾಳೆ ಎಂದು ತನಗೆ ಈಗಾಗಲೇ ಗೊತ್ತು, ಗೊತ್ತಾದ ಮೇಲೆ ಇಪ್ಪತ್ತು ನಿಮಿಷ ಕಳೆದಿದೆ ಎಂದು ಎಕಾರ್ಟ್ ಹೇಳಬೇಕಿತ್ತು. ಹೇಳಲಿಲ್ಲ. ಈ ಮನುಷ್ಯನನ್ನು ಕೀಳಾಗಿ ಕಾಣಲು ಏನಾದರೂ ಸಿಕ್ಕೀತೇ ಎಂದು, ಬಿದ್ದವನು ಗೋಡೆ ತಡಕುವ ಹಾಗೆ ತಡಕಿದ. ಏನೂ ಕೈಗೆ ಹತ್ತಲಿಲ್ಲ.

"ಗುಡ್ರುನ್‌ಗೆ..." ಎಂದ.

"ಹೇಳಿಲ್ಲ. ಹೇಳೋದೂ ಇಲ್ಲ. ಅವಳು ನಿನ್ನ ಬಗ್ಗೆ ಇನ್ನೂ ಒಂದೆರಡು ಒಳ್ಳೆ ಮಾತು ಆಡ್ತಾಳೆ, ಅದನ್ನ ಯಾಕೆ ಹಾಳು ಮಾಡ್ಬೇಕು? ಬಂದ್ಲು ನೋಡು, ಇಡ್ತೀನಿ."

"ಥ್ಯಾಂಕ್ಸ್," ಎಂದ ಎಕಾರ್ಟ್, ಹೇಳಿಯೂ ಹೇಳದ ಹಾಗೆ, ಮೀಸೆಯೊಳಗೆ.

"ಏನಂದೆ? ಲಾರಿ ಹೋಯ್ತು, ಕೇಳಿಸ್ಲಿಲ್ಲ."

ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಸುತ್ತ ನೋಡಿದ.

"ಥ್ಯಾಂಕ್ಸ್ ಅಂದೆ," ಎಂದು ಗಟ್ಟಿಯಾಗಿ ಹೇಳಿದ.